ಕಾವಲಿಯ ಮುಂದಿನ ಜಾಗ

ರವಿಕಿರಣ ಕೊನೆಯ ಸುತ್ತಿಗೆ ಮೊದಲೇ ಸೌಟು ಎತ್ತಿಬಿಡುತ್ತಿದ್ದ. ಅದರಿಂದ ದೋಸೆಯ ಅಂಚು ಹರಿದ ಬಟ್ಟೆಯಂತೆ ಅಲ್ಲಲ್ಲಿ ಎಳೆ ಬಿಡುತ್ತಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಬೇಬಿ ಆ ಬೆಳಗ್ಗೆ ಅದನ್ನು ಎಷ್ಟನೆಯ ಸಲವೋ ನೋಡಿದಳು, ಹೇಳಲಿಲ್ಲ. ಹೇಳಿದರೆ ಅವನು ತಿದ್ದಿಕೊಳ್ಳುತ್ತಾನೆ. ಕಾರ್ಕಳದ ಕಡೆಯ ಊರಿನಲ್ಲಿ ಹೆಂಡತಿಯನ್ನೂ ಎಳೆಮಗುವನ್ನೂ ಬಿಟ್ಟು ಬಂದವನು, ಕಲಿಯುವ ಮನಸ್ಸುಳ್ಳವನು. ಆದರೆ ಅವನು ತಿದ್ದಿಕೊಂಡ ದಿನ ಕಾವಲಿಯ ಮುಂದಿನ ಆ ಜಾಗ ಅವನದೇ ಆಗಿಬಿಡುತ್ತದೆ. ತನ್ನ ಸಣ್ಣತನ ತನಗೇ ಕಂಡು ಅವಳ ಮುಖ ಬಿಸಿಯಾಯಿತು. ಮದ್ರಾಸಿನ ರಾಯಪುರಂನ ಈ ಎಂಟು ಮೇಜಿನ ಹೋಟೆಲಿನಲ್ಲಿ ಹದಿನಾಲ್ಕು ವರ್ಷ ಕಾವಲಿಯ ಮುಂದೆ ನಿಂತವಳು ಅವಳು. ಗಂಡ ಕಾಂತಪ್ಪ ಗಲ್ಲಾದಲ್ಲಿ ಕೂರುತ್ತಿದ್ದ, ಅವಳು ದೋಸೆ ಹೊಯ್ಯುತ್ತಿದ್ದಳು. ಬಂದರಿನ ಪಾಳಿ ಮುಗಿಸಿ ಬರುವವರು ಒಳಗೆ ಕಾಲಿಡುವ ಮೊದಲೇ ಬೀದಿಯಿಂದ ಬೆರಳೆತ್ತಿ ಎಷ್ಟು ಬೇಕೆಂದು ತೋರಿಸುತ್ತಿದ್ದರು. ಯಾರಿಗೆ ಗರಿಗರಿ, ಯಾರಿಗೆ ಮೆತ್ತಗೆ ಎಂಬುದು ಅವಳ ಕೈಗೆ ಗೊತ್ತಿತ್ತು. ಈಗ ಅವರೇ ಒಳಗೆ ಬಂದು, ಕುರ್ಚಿಯಲ್ಲಿ ಕೂತವಳನ್ನು ನೋಡಿ ಧ್ವನಿ ತಗ್ಗಿಸಿ, ಮೈ ಹೇಗಿದೆ ಅಕ್ಕಾ ಎಂದು ತಮಿಳಿನಲ್ಲಿ ಕೇಳುತ್ತಾರೆ. ಕೇಳಿ, ಉತ್ತರಕ್ಕೆ ಕಾಯದೆ ರವಿಕಿರಣನ ಕಡೆ ಬೆರಳೆತ್ತುತ್ತಾರೆ.

ಈ ಕಾಯಿಲೆ ಮೊದಲನೆಯ ಸಲ ಬಂದದ್ದು ಹನ್ನೊಂದು ತಿಂಗಳ ಹಿಂದೆ, ಚೌತಿಯ ಮಾರನೆಯ ದಿನ. ಚಟ್ನಿಯ ಪಾತ್ರೆಗೆ ಕೈ ಚಾಚಿದ್ದಳು. ಪಾತ್ರೆ ಇದ್ದಲ್ಲೇ ಇತ್ತು, ಅವಳೂ ಇದ್ದಲ್ಲೇ ಇದ್ದಳು, ನಡುವಿನ ನೆಲ ಮಾತ್ರ ಯಾರೋ ಚಾಪೆ ಎಳೆದಂತೆ ಬಲಕ್ಕೆ ಜಾರಿತು. ಕಣ್ಣು ಕತ್ತಲೆ ಬರಲಿಲ್ಲ, ಕಿವಿಯಲ್ಲಿ ಸದ್ದಾಗಲಿಲ್ಲ, ತಲೆ ನೋಯಲಿಲ್ಲ. ಒಂದು ನಿಮಿಷ, ಕೆಲವು ಸಲ ಮೂರು. ಹೋದ ಮೇಲೆ ಏನೂ ಆಗಿರಲಿಲ್ಲವೆಂಬಂತೆ ಎಲ್ಲವೂ ತನ್ನ ತನ್ನ ಜಾಗದಲ್ಲಿ ನಿಂತಿರುತ್ತಿತ್ತು, ಅವಳ ಅಂಗೈಯ ಬೆವರೊಂದನ್ನು ಬಿಟ್ಟು. ಸುತ್ತುತ್ತದೋ ತೇಲುತ್ತದೋ ಎಂದು ಪ್ರತಿಯೊಬ್ಬ ಡಾಕ್ಟರೂ ಕೇಳಿದರು. ಎರಡೂ ಅಲ್ಲ, ಜಾರುತ್ತದೆ ಎಂದರೆ ಆ ಮಾತಿಗೆ ಅವರ ಹತ್ತಿರ ಜಾಗವಿರಲಿಲ್ಲ. ಕಿವಿಯ ಡಾಕ್ಟರು ಮಂಚದ ಮೇಲೆ ಮಲಗಿಸಿ ತಲೆಯನ್ನು ಅತ್ತಿತ್ತ ಹೊರಳಿಸಿ, ಒಳಗಿವಿಯಲ್ಲಿ ಹರಳು ಜಾರಿದೆ, ಸರಿಮಾಡಿದ್ದೇನೆ ಎಂದರು; ಹದಿನೈದು ದಿನ ಬಿಟ್ಟು ಅದು ಮತ್ತೆ ಬಂತು. ಇನ್ನೊಬ್ಬರು ರಕ್ತ ಕಡಿಮೆ ಎಂದರು. ಮತ್ತೊಬ್ಬರು ಕುತ್ತಿಗೆಯ ಮೂಳೆ ಸವೆದಿದೆ ಎಂದು ಪಟ್ಟಿ ಕಟ್ಟಿಸಿದರು. ಅದನ್ನು ಕಟ್ಟಿಕೊಂಡು ಕಾವಲಿಯ ಬಿಸಿಗೆ ನಿಂತು ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿತು. ಪ್ರತಿ ಸಲವೂ ಒಂದು ಹೆಸರು ಸಿಕ್ಕಿದಾಗ ಮನೆಯಲ್ಲಿ ಕೆಲವು ದಿನ ಹಬ್ಬ. ಕಾಂತಪ್ಪ ಆ ಹೆಸರನ್ನು ಗಿರಾಕಿಗಳಿಗೆ ಬಿಡಿಸಿ ಬಿಡಿಸಿ ಹೇಳುವನು. ಹೆಸರು ಸುಳ್ಳಾದಾಗ ಮಾತ್ರ ತಪ್ಪು ಹೇಗೋ ಅವಳ ತಲೆಯ ಮೇಲೆ ಬಂದು ಕೂರುತ್ತಿತ್ತು, ಡಾಕ್ಟರು ಕೊಟ್ಟ ಒಳ್ಳೆಯ ಕಾಯಿಲೆಯನ್ನು ಇಟ್ಟುಕೊಳ್ಳಲು ಬಾರದವಳಂತೆ.

ಎರಡು ತಿಂಗಳ ಹಿಂದೆ ಆದದ್ದಕ್ಕೆ ಮಾತ್ರ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಬೆಳಗಿನ ಎಂಟು ಗಂಟೆ, ಬಾಗಿಲ ತನಕ ಜನ. ಮಗಳು ವೀಕ್ಷಾಗೆ ಕಾಲೇಜು ರಜೆ. ತಟ್ಟೆ ಜೋಡಿಸಿಕೊಡುತ್ತ ಪಕ್ಕದಲ್ಲೇ ನಿಂತಿದ್ದಳು. ನೆಲ ಜಾರಿತು. ಬೇಬಿಯ ಕೈ ಏನನ್ನಾದರೂ ಹಿಡಿಯಲು ಹುಡುಕಿತು, ಸಿಕ್ಕಿದ್ದು ಸಾಂಬಾರಿನ ಪಾತ್ರೆಯ ಕಂಠ. ಆಮೇಲೆ ಕೇಳಿದ್ದು ವೀಕ್ಷಾಳ ಕೂಗಲ್ಲ, ಪಾತ್ರೆ ನೆಲದ ಮೇಲೆ ಉರುಳಿಕೊಂಡು ಹೋಗಿ ಗೋಡೆಗೆ ಬಡಿದ ಸದ್ದು. ಸುಟ್ಟದ್ದು ಮಗಳ ಎಡಗಾಲಿನ ಪಾದ, ಗಂಟಿನ ತನಕ. ಮೂರು ವಾರ ಬ್ಯಾಂಡೇಜು ಬದಲಿಸುವಾಗೆಲ್ಲ ಬೇಬಿಯೇ ಕಾಲನ್ನು ಮಡಿಲಲ್ಲಿಟ್ಟುಕೊಂಡಳು. ವೀಕ್ಷಾ ಫೋನು ನೋಡುತ್ತ, ನಡುವೆ ಹಲ್ಲು ಕಚ್ಚುತ್ತ, ಪರವಾಗಿಲ್ಲಮ್ಮಾ ಎನ್ನುತ್ತಿದ್ದಳು. ಈಗ ಗಾಯ ಮಾಗಿ ಚರ್ಮ ನುಣ್ಣಗೆ ಗುಲಾಬಿಯಾಗಿದೆ. ಅವಳು ಆ ಕಾಲಿಗೆ ಚಪ್ಪಲಿ ಹಾಕುವಾಗ ಬೇಬಿ ಬೇರೆ ಕಡೆ ನೋಡುತ್ತಾಳೆ. ಅದಾದ ವಾರವೇ ರವಿಕಿರಣ ಬಂದ. ಅವನನ್ನು ಕರೆಸುವ ವಿಷಯ ಕಾಂತಪ್ಪ ಅವಳನ್ನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಮಗಳ ಕಾಲನ್ನು ಸುಟ್ಟವಳಿಗೆ ಕೇಳುವ ಬಾಯಿ ಎಲ್ಲಿಂದ ಬರಬೇಕು.

ಹತ್ತು ಗಂಟೆಗೆ ಜನ ಕಡಿಮೆಯಾದಾಗ ಕಾಂತಪ್ಪ ಅವಳ ಹತ್ತಿರ ಬಗ್ಗಿ, ಶುಕ್ರವಾರದ ಮಂಗಳೂರು ರೈಲಿಗೆ ಟಿಕೆಟ್ ಆಗಿದೆ ಎಂದ. ಅವಳ ಅಣ್ಣ ಸದಾನಂದನಿಗೆ ಹೇಳಿಯಾಗಿದೆ, ಅವರ ಮನೆಯಲ್ಲಿ ಮೂರು ತಿಂಗಳು, ಬೇಕಾದರೆ ಆರು, ಆರಾಮವಾಗಿರಬಹುದು. ಇದೆಲ್ಲ ಟೆನ್ಶನ್‌ನಿಂದಲೇ ಎಂದು ಹೋದ ಸಲ ಡಾಕ್ಟರು ಹೇಳಿದ್ದಾರಲ್ಲ, ಮದ್ರಾಸಿನ ಈ ಸೆಕೆ, ಈ ಗದ್ದಲ. ಅವನ ಧ್ವನಿ ಮೃದುವಾಗಿತ್ತು. ಗಂಡ ಕೆಟ್ಟವನಲ್ಲ ಎಂಬುದೇ ಅವಳಿಗೆ ಕಷ್ಟವಾಗಿದ್ದದ್ದು. ಅವಳು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಲ್ಲುತ್ತಾನೆ, ಒಳಗೆ ಚೊಂಬಿನ ಸದ್ದು ನಿಂತರೆ ಹೆಸರು ಹಿಡಿದು ಕೂಗುತ್ತಾನೆ. ಇಂದು ರಿಪೋರ್ಟ್ ತೋರಿಸುವ ದಿನವಲ್ಲವೇ ಎಂದಳು. ಎರಡು ಗಂಟೆಯ ಮೇಲೆ ತಾನು ಕರೆದುಕೊಂಡು ಹೋಗುವುದಾಗಿ ಹೇಳಿ, ಹಾಲಿನವನ ಜೊತೆ ಮಾತಾಡಲು ಹಿಂಬಾಗಿಲಿಗೆ ಹೋದ. ಬೇಬಿ ಎದ್ದಳು. ಕುರ್ಚಿಯಿಂದ ಏಳಲು ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ ಎಂಬುದು ಎದ್ದ ಮೇಲಷ್ಟೇ ಹೊಳೆಯಿತು. ರಿಪೋರ್ಟಿನ ಚೀಲ ತೆಗೆದುಕೊಂಡು ಹೊರಡುವಾಗ ಕಾವಲಿಯ ಹತ್ತಿರ ನಿಂತಳು. ಜಾಗ ಸಿಗುವುದಾದರೆ ಅವನ ತಪ್ಪಿನಿಂದ ಸಿಗುವುದು ಬೇಡ.

"ಕೊನೆಯ ಸುತ್ತು ಬಿಡ್ಬೇಡ ಮಾರಾಯ. ಸೌಟು ಅಂಚಿಗೆ ಮುಟ್ಟಿದ ಮೇಲೆ ಎತ್ತು," ಎಂದಳು.

ರವಿಕಿರಣ ತಲೆಯಾಡಿಸಿ, ಒಬ್ಬರೇ ಹೋಗುದಾ ಬೇಬಿಯಕ್ಕ ಎಂದು ಕೇಳಿದಾಗ ಅವಳು ಆಗಲೇ ಬೀದಿಗಿಳಿದಿದ್ದಳು.

ಪ್ಯಾರೀಸ್ ಕಾರ್ನರಿನ ಬಸ್ಸಿನಲ್ಲಿ ಕಂಬಿ ಹಿಡಿದೇ ನಿಂತಳು, ಸೀಟು ಖಾಲಿಯಿದ್ದರೂ. ಬಸ್ಸಿನಲ್ಲಿ ಎಲ್ಲರೂ ಓಲಾಡುತ್ತಿದ್ದರು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವಳು ಹತ್ತು ಜನರ ಹಾಗೆಯೇ ಇದ್ದಳು. ನರರೋಗದ ಆಸ್ಪತ್ರೆ ಸಗಟು ಅಂಗಡಿಗಳ ಗಲ್ಲಿಯಲ್ಲಿ, ಮೇಲಿನ ಮಹಡಿಯಲ್ಲಿ. ಜೊತೆಗೆ ಯಾರು ಬಂದಿದ್ದಾರೆ ಎಂದು ಚೀಟಿ ಬರೆಯುವವಳು ಕೇಳಿದಳು. ಯಾರೂ ಇಲ್ಲ ಎಂದದ್ದಕ್ಕೆ, ಮುಂದಿನ ಸಲ ಕರೆತನ್ನಿ, ನಿಮಗೆ ಹೇಳಿದ್ದು ಅರ್ಥವಾಗಬೇಕಲ್ಲ ಎಂದಳು. ಡಾಕ್ಟರು ಮೂವತ್ತೈದರ ಒಳಗಿನವರು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಎಲ್ಲ ನಾರ್ಮಲ್, ಸಂತೋಷಪಡಬೇಕು ಎಂದರು. ಸಂತೋಷಪಡಲು ಅವಳು ಪ್ರಯತ್ನಿಸಿದಳು. ಆಮೇಲೆ ಅವರು ಮನೆಯಲ್ಲಿ ಜಗಳವಿದೆಯೇ, ಮುಟ್ಟು ನಿಂತಿದೆಯೇ, ರಾತ್ರಿ ಅಳುತ್ತೀರಾ ಎಂದು ಕೇಳುತ್ತ ಟೈಪು ಮಾಡಿದರು. ಅವಳು ಒಂದೊಂದಕ್ಕೂ ಉತ್ತರಿಸುವ ಮೊದಲೇ ಬೆರಳುಗಳು ಮುಂದಕ್ಕೆ ಹೋಗಿದ್ದವು. ಹೊರಬಂದ ಹಾಳೆಯ ಮೇಲಿನ ಸಾಲನ್ನು ಬೇಬಿ ಕಣ್ಣಲ್ಲೇ ಕೂಡಿಸಿಕೊಂಡು ಓದಿದಳು. ಪಿಯುಸಿ ತನಕ ಓದಿದವಳು. ಆಂಗ್ಸೈಟಿ ಎಂದಿತ್ತು. ಪರೀಕ್ಷೆಯ ಮುಂಚೆ ವೀಕ್ಷಾ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಮಾತು ಅದು, ಅರ್ಥ ಅವಳಿಗೆ ಗೊತ್ತಿತ್ತು. ಹೆದರಿಕೆ. ತಾನು ಹೆದರಿದ್ದು ನಿಜ. ಆದರೆ ನೆಲ ಮೊದಲು ಜಾರಿತ್ತು, ಹೆದರಿಕೆ ಆಮೇಲೆ ಬಂದಿತ್ತು. ಚಟ್ನಿಯ ಪಾತ್ರೆಗೆ ಕೈ ಚಾಚಿದಾಗ ಅವಳ ಮನಸ್ಸಿನಲ್ಲಿ ಇದ್ದದ್ದು ತೆಂಗಿನಕಾಯಿ ಸಾಕಾಗುತ್ತದೋ ಇಲ್ಲವೋ ಎಂಬುದೊಂದೇ.

ಹೆದರಿಕೆಯಿಂದ ಹೀಗಾಗುತ್ತದೆಂದು ನಿಮಗೆ ಖಂಡಿತ ಗೊತ್ತಿದೆಯೇ ಎಂದು ತಮಿಳಿನಲ್ಲಿ ಕೇಳಿದಳು. ಬೇರೆ ಏನೂ ಸಿಗದಿದ್ದಾಗ ಸಾಮಾನ್ಯವಾಗಿ ಅದೇ ಇರುತ್ತದೆ ಎಂದರು ಡಾಕ್ಟರು. ಸಿಗಲಿಲ್ಲ ಎಂದೇ ಬರೆಯಿರಿ ಎಂದಳು ಅವಳು. ಅವರು ನಕ್ಕು, ಹಾಗೆಲ್ಲ ಬರೆಯುವ ಕ್ರಮ ಇಲ್ಲಮ್ಮಾ ಎಂದು ಗಂಟೆ ಒತ್ತಿದರು. ಮುಂದಿನ ರೋಗಿ, ಒಬ್ಬ ಮುದುಕ, ಬಾಗಿಲಲ್ಲಿ ಬಂದು ನಿಂತ. ಬೇಬಿ ಏಳಲಿಲ್ಲ. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಹಿಡಿದು ಕೂತೇ ಇದ್ದಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಜನರೆದುರು ಹೀಗೆ ಹಟ ಹಿಡಿದದ್ದು ಜನ್ಮದಲ್ಲೇ ಇಲ್ಲ. ಆ ಒಂದು ಪದ ಹಿಡಿದು ಮನೆಗೆ ಹೋದರೆ ಶುಕ್ರವಾರದ ರೈಲು ಗಟ್ಟಿ, ಆಮೇಲೆ ಜೀವಮಾನವಿಡೀ ಅವಳು ಹೇಳುವುದನ್ನೆಲ್ಲ ಅದೇ ಪದ ತಿನ್ನುತ್ತದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಅಂದು ಎಷ್ಟನೆಯ ರೋಗಿಯೋ. ಕೊನೆಗೆ ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿ, ತಲೆ ತಿರುಗುವಿಕೆ, ಕಾರಣ ತಿಳಿದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿದರು. ಆರು ತಿಂಗಳು ಬಿಟ್ಟು ಬಂದು ತೋರಿಸಿ, ಆಗಲೂ ತಿಳಿಯದೆ ಇರಬಹುದು ಎಂದರು. ಅವರ ಬಾಯಿಂದ ಬಂದ ಮೊದಲ ನಿಜ ಅದು ಎಂದು ಅವಳಿಗನ್ನಿಸಿತು.

ರಾಯಪುರಂನಲ್ಲಿ ಬಸ್ಸಿಳಿದಾಗ ಮಧ್ಯಾಹ್ನದ ಬಿಸಿಲು. ಆಡಿ ತಿಂಗಳು, ಊರಲ್ಲಿ ಆಟಿ ಎಂದು ಮದುವೆ ಮುಂಜಿ ಏನೂ ಮಾಡದೆ ಬಾಗಿಲು ಹಾಕಿಕೊಂಡು ಕೂರುವ ತಿಂಗಳಲ್ಲಿ ಇಲ್ಲಿ ಗಲ್ಲಿಗಲ್ಲಿಗೂ ಅಮ್ಮನ ಹಬ್ಬ. ಮೀನು ಬಂದರಿನ ಕಡೆಯ ಗಲ್ಲಿಯ ಸಣ್ಣ ಗುಡಿಯ ಮುಂದೆ ರಾಗಿಯ ಅಂಬಲಿ ಹಂಚುತ್ತಿದ್ದರು. ಹಳದಿ ಸೀರೆಯ ಹೆಂಗಸರು, ಬೇವಿನ ಸೊಪ್ಪು, ಉಡುಕ್ಕೆ ಎಂಬ ಸಣ್ಣ ಡಮರುವಿನ ಬಡಿತ. ಬದಿಯಿಂದ ದಾಟಿ ಹೋಗಲೆಂದು ಗುಡಿಯ ಕಂಬದ ಪಕ್ಕಕ್ಕೆ ಬಂದಾಗ ನೆಲ ಜಾರಿತು. ಕಂಬಕ್ಕೆ ಎರಡೂ ತೋಳು ಸುತ್ತಿದಳು. ಮೈ ಬಲಕ್ಕೆ ಎಡಕ್ಕೆ ತೂಗಿತು, ಮುಡಿ ಬಿಚ್ಚಿಕೊಂಡಿತು. ಉಡುಕ್ಕೆಯ ಬಡಿತ ಒಮ್ಮೆಲೇ ಏರಿದ್ದು, ಯಾರೋ ಹಣೆಗೆ ಕುಂಕುಮ ಒತ್ತಿದ್ದು, ಒದ್ದೆ ಬೇವಿನ ಎಲೆ ಕೆನ್ನೆಗೆ ತಾಗಿದ್ದು ಅವಳಿಗೆ ತಿಳಿಯಿತು, ಏಕೆಂದು ತಿಳಿಯಲಿಲ್ಲ. ಕಣ್ಣು ನೆಲೆಗೆ ಬಂದಾಗ ಎದುರಿಗೆ ಹತ್ತಿಪ್ಪತ್ತು ಹೆಂಗಸರು ಕೈ ಮುಗಿದು ನಿಂತಿದ್ದರು. ಆತ್ತಾ ಬಂದಿದ್ದಾಳೆ, ದೇವಿ ಇವಳ ಮೈಮೇಲೆ ಬಂದಿದ್ದಾಳೆ ಎಂದು ಯಾರೋ ಅಂದರು. ಹನ್ನೊಂದು ತಿಂಗಳಿಂದ ಅವಳು ತೂಗಾಡಿದಾಗೆಲ್ಲ ಕಂಡ ಮುಖಗಳಲ್ಲಿ ಕನಿಕರವಿರುತ್ತಿತ್ತು, ಇಲ್ಲವೇ ಬೇಸರ. ಈ ಮುಖಗಳಲ್ಲಿ ಭಕ್ತಿಯಿತ್ತು. ಅದು ಎದೆಯೊಳಗೆ ಬೆಚ್ಚಗೆ ಇಳಿದದ್ದನ್ನು ಬೇಬಿ ಆಮೇಲೆ ಎಂದೂ ಯಾರಿಗೂ ಹೇಳಲಿಲ್ಲ. ದಪ್ಪ ಮೂಗುತಿಯ, ಕೈಯಲ್ಲಿ ಮೀನಿನ ವಾಸನೆಯ ಹೆಂಗಸೊಬ್ಬಳು ಮುಂದೆ ಬಂದು ಅವಳ ಕಾಲು ಹಿಡಿದಳು. ಮಗಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ ತಾಯೇ, ಈಗ ಮೂರನೆಯದು, ಐದು ತಿಂಗಳು, ಇದಾದರೂ ಉಳಿಯುತ್ತದಾ ಹೇಳು ಎಂದು ಕೇಳಿದಳು.

ಉಳಿಯುತ್ತದೆ ಎಂಬ ಒಂದು ಮಾತು ನಾಲಿಗೆಯ ತುದಿಯ ತನಕ ಬಂತು. ಅಂದುಬಿಟ್ಟರೆ ಆ ಹೆಂಗಸು ನಾಲ್ಕು ತಿಂಗಳು ನೆಮ್ಮದಿಯಾಗಿ ಮಲಗುತ್ತಾಳೆ. ಕಿವಿಯ ಹರಳು, ಕುತ್ತಿಗೆಯ ಮೂಳೆ, ರಕ್ತ ಎಂದವರೂ ಕನಿಕರದಿಂದಲೇ ಅಂದಿರಬೇಕು. ಬೇಬಿ ಬಗ್ಗಿ ಅವಳ ಕೈಗಳನ್ನು ಕಾಲಿನಿಂದ ಬಿಡಿಸಿದಳು.

"ಸಾಮಿ ಇಲ್ಲಮ್ಮಾ. ಎನಕ್ಕು ತಲೈ ಸುತ್ತುದು," ಎಂದಳು, ದೇವಿಯಲ್ಲ, ತಲೆ ತಿರುಗುವುದು ಎಂದು. "ಕೊಳಂದೈ ವಿಷಯಂ ಎನಕ್ಕು ತೆರಿಯಾದು." ಮಗುವಿನ ವಿಷಯ ನನಗೆ ಗೊತ್ತಿಲ್ಲ.

ಉಡುಕ್ಕೆ ನಿಂತಿತು. ಒಬ್ಬಳು ಬೈದುಕೊಂಡಳು, ಇಬ್ಬರು ನಕ್ಕರು. ಕುಂಕುಮ ಹಚ್ಚಿದವಳು ಕೊಟ್ಟದ್ದನ್ನು ವಾಪಸು ಕೇಳುವವಳ ಹಾಗೆ ಅವಳ ಹಣೆಯನ್ನೇ ನೋಡಿದಳು. ಗುಂಪು ಮತ್ತೆ ಅಂಬಲಿಯ ಹಂಡೆಯ ಕಡೆ ಸರಿಯಿತು. ಕಾಲು ಹಿಡಿದವಳು ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಆಮೇಲೆ ಎದ್ದು ಹೋಗಿ ಒಂದು ಲೋಟ ಅಂಬಲಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಅವಳ ಹೆಸರು ಅಂಜಲೈ, ಬಂದರಿನಲ್ಲಿ ಮೀನು ಮಾರುತ್ತಾಳೆ. ಎಷ್ಟು ದಿನದಿಂದ ಎಂದು ಕೇಳಿದಳು, ಡಾಕ್ಟರು ಏನಂದರು ಎಂದು ಕೇಳಿದಳು. ಅವರಿಗೂ ಗೊತ್ತಿಲ್ಲವಂತೆ ಎಂದಾಗ ಸರಿ ಎಂದಳು, ಮಳೆ ಬರುವುದು ಗೊತ್ತಿಲ್ಲ ಎಂದರೆ ಸರಿ ಎನ್ನುವಷ್ಟು ಸಲೀಸಾಗಿ. ಬಂದಾಗ ಏನನ್ನು ಹಿಡಿದುಕೊಳ್ಳುತ್ತೀ ಎಂದು ಕೇಳಿದಳು ಆಮೇಲೆ. ಬೇಬಿ ಲೋಟ ಕೆಳಗಿಟ್ಟಳು. ಇದನ್ನು ಯಾವ ಡಾಕ್ಟರೂ ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಸಾಂಬಾರಿನ ಪಾತ್ರೆಯನ್ನು ಹಿಡಿದದ್ದು ಅಲ್ಲಿ ಬೇರೇನೂ ಇರಲಿಲ್ಲವೆಂದು. ಕಾವಲಿಯ ಮುಂದೆ ಹದಿನಾಲ್ಕು ವರ್ಷ ನಿಂತ ಜಾಗದಲ್ಲಿ ಹಿಡಿಯಲು ತಣ್ಣಗಿನದ್ದು ಒಂದೂ ಇರಲಿಲ್ಲ. ದೋಣಿಯಲ್ಲಿ ನಿಲ್ಲುವವರು ಏನು ಮಾಡುತ್ತಾರೆ ಎಂದು ಅವಳು ಕೇಳಿದಳು. ಅಂಜಲೈ ಎದ್ದು, ಬಾ ಎಂದು ಕರೆದುಕೊಂಡು ಹೋದಳು.

ದೋಣಿಗಳಿಗೆ ಕಂಬಿ ಹಾಕುವ ವೆಲ್ಡಿಂಗ್ ಅಂಗಡಿ ನಾಲ್ಕು ಹೆಜ್ಜೆಯಾಚೆ ಇತ್ತು. ವೆಲ್ಡರ್ ಮೊದಲು ಅವಳ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದ, ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಗೆರೆ ಎಳೆದ. ಒಲೆಯ ಕಟ್ಟೆಗೂ ಅವಳಿಗೂ ನಡುವೆ, ಸೊಂಟದ ಎತ್ತರಕ್ಕೆ, ಉದ್ದಕ್ಕೂ ಒಂದು ಕೊಳವೆ. ಎರಡು ಬದಿ ನೆಲಕ್ಕೆ ಹೂತು. ಬಿಸಿಯಾಗದಿರಲು ಮೇಲೆ ಹಗ್ಗ ಸುತ್ತಬೇಕು ಎಂದ, ದೋಣಿಯಲ್ಲೂ ಹಾಗೇ. ಬೇಬಿ ಸೆರಗಿನಿಂದ ತನ್ನ ಸೊಂಟದ ಎತ್ತರ ಅಳೆದುಕೊಟ್ಟಳು. ಹೊರಡುವಾಗ ಅಂಜಲೈ, ಇನ್ನು ನಾಲ್ಕು ತಿಂಗಳು ಬಿಟ್ಟು ಮಗಳ ಸುದ್ದಿ ಹೇಳಲು ಹೋಟೆಲಿಗೆ ಬರುವುದಾಗಿ ಹೇಳಿದಳು, ಯಾವ ಸುದ್ದಿಯಾದರೂ.

ಹೋಟೆಲಿನಲ್ಲಿ ಕಾಂತಪ್ಪ ಅಷ್ಟರಲ್ಲಿ ಮೂರು ಕಡೆ ಫೋನು ಮಾಡಿದ್ದ. ಬಾಗಿಲಲ್ಲಿ ಅವಳನ್ನು, ಹಣೆಯ ತುಂಬ ಹರಡಿದ ಕುಂಕುಮವನ್ನು, ಬಿಚ್ಚಿದ ಕೂದಲನ್ನು ಕಂಡು ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ನೀನು ರಸ್ತೆಯಲ್ಲಿ ಬಿದ್ದು ಲಾರಿಯಡಿಗೆ ಹೋಗಿದ್ದರೆ ನಾನು ಏನು ಮಾಡಬೇಕಿತ್ತು ಎಂದು ಕೇಳಿದ. ಬೇಬಿ ಹಾಳೆ ತೆಗೆದುಕೊಟ್ಟಳು. ಡಾಕ್ಟರು ಹೊಡೆದುಹಾಕಿದ ಸಾಲನ್ನೇ ಅವನು ಮತ್ತೆ ಮತ್ತೆ ಓದಲು ನೋಡಿದ. ಕಾಲೇಜಿನಿಂದ ಬಂದಿದ್ದ ವೀಕ್ಷಾ ಅವನ ಕೈಯಿಂದ ಹಾಳೆ ತೆಗೆದುಕೊಂಡು ಪೆನ್ನಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಹಾಗಾದರೆ ಇನ್ನೂ ಅಪಾಯವಾಯಿತಲ್ಲ, ಏನೆಂದೇ ಗೊತ್ತಿಲ್ಲದ್ದನ್ನು ಕಟ್ಟಿಕೊಂಡು ಬೆಂಕಿಯ ಮುಂದೆ ನಿಲ್ಲುವುದುಂಟೇ, ಮಗಳ ಕಾಲು ಒಂದು ಸಲ ಸುಟ್ಟದ್ದು ಸಾಲದೇ ಎಂದ ಕಾಂತಪ್ಪ. ಎರಡು ತಿಂಗಳು ಯಾರೂ ಆಡದ ಮಾತು ಅದು. ಬೇಬಿ ಅದಕ್ಕಾಗಿ ಇಷ್ಟು ದಿನ ಕಾದಿದ್ದಳು. ಮಾತು ಕಿವಿಗೆ ಬಿದ್ದ ಮೇಲೆ ಅಂದುಕೊಂಡಷ್ಟು ಭಾರವಿರಲಿಲ್ಲ.

"ಅಪ್ಪಾ, ಕಾಲು ನಂದು," ಎಂದಳು ವೀಕ್ಷಾ. ಮನೆಯಲ್ಲಿ ಕನ್ನಡ ಹೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ ಈ ಮಾತನ್ನು ಕನ್ನಡದಲ್ಲೇ, ತಡೆದು ತಡೆದು ಆಡಿದಳು. "ಅಮ್ಮನ್ನ ಊರಿಗೆ ಕಳಿಸ್ಲಿಕ್ಕೆ ನನ್ನ ಕಾಲನ್ನು ರೀಸನ್ ಹೇಳ್ಬೇಡಿ. ಪ್ಲೀಸ್."

ಕಾಂತಪ್ಪ ಅಕ್ಕಿಯ ಮೂಟೆಯ ಮೇಲೆ ಕೂತುಬಿಟ್ಟ. ಬೇಬಿ ಅವನ ಎದುರು ನಿಂತಳು. ತಾನು ಸಾಂಬಾರಿನ ಪಾತ್ರೆಯನ್ನು ಇನ್ನು ಮುಟ್ಟುವುದಿಲ್ಲ, ಅದನ್ನು ಕಟ್ಟೆಯ ಆ ಕೊನೆಗೆ ಸರಿಸಬೇಕು, ರವಿಕಿರಣ ಬೆಳಗ್ಗೆ, ತಾನು ಸಂಜೆ, ಆಗ ಅವನು ಗ್ಯಾಸಿನ ಗುಂಡಿ ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು, ನಾಳೆ ವೆಲ್ಡರ್ ಬರುತ್ತಾನೆ ಎಂದು ಒಂದೊಂದಾಗಿ ಹೇಳಿದಳು. ಕಾಂತಪ್ಪ, ವೆಲ್ಡರ್ ಎಂತಕ್ಕೆ ಎಂದು ಕೇಳಲೂ ಆಗದಷ್ಟು ಸುಸ್ತಾಗಿದ್ದ. ಇದು ಎಂದಿಗೂ ಹೋಗದೆ ಇದ್ದರೆ ಎಂದು ಕೊನೆಗೆ ಕೇಳಿದ.

"ಹೋಗದಿದ್ರೆ ಇರ್ತದೆ. ನಾನೂ ಇರ್ತೇನೆ," ಎಂದಳು ಬೇಬಿ. "ನೀವು ಹೆದರಿದ್ದು ನಂಗೆ ಗೊತ್ತುಂಟು. ನಿಮ್ಮ ಹೆದರಿಕೆಗೆ ನಾನು ಊರಿಗೆ ಹೋಗುದಿಲ್ಲ."

ಶುಕ್ರವಾರದ ರೈಲು ಅವಳಿಲ್ಲದೆ ಹೋಯಿತು. ಕೊಳವೆಗೆ ಹಗ್ಗ ಸುತ್ತಿಕೊಟ್ಟದ್ದು ರವಿಕಿರಣ. ವೆಲ್ಡರ್ ಸುತ್ತಿದ್ದು ಸಡಿಲವಾಯಿತೆಂದು ಬಿಚ್ಚಿ ಮತ್ತೆ ಬಿಗಿದ. ಮೊದಲ ಸಂಜೆ ಏನೂ ಆಗಲಿಲ್ಲ. ಎರಡನೆಯ ಸಂಜೆಯೂ. ಕಾಂತಪ್ಪ ಗಲ್ಲಾದಲ್ಲಿ ಕೂತು ಒಂದು ಕಣ್ಣು ಇತ್ತಲೇ ಇಟ್ಟಿದ್ದ. ಮೂರನೆಯ ಸಂಜೆ ಆರೂವರೆಗೆ, ಬಂದರಿನ ಪಾಳಿ ಬಿಟ್ಟು ಬಾಗಿಲ ತುಂಬ ಜನ ನಿಂತಿದ್ದಾಗ, ಮಸಾಲೆ ದೋಸೆಯ ಮೇಲೆ ಪಲ್ಯ ಇಡಬೇಕೆನ್ನುವಾಗ ಅದು ಬಂತು. ಬೇಬಿ ಸೌಟನ್ನು ಕೆಳಗಿಟ್ಟಳು. ಎರಡೂ ಕೈಯಿಂದ ಕೊಳವೆ ಹಿಡಿದಳು. ರವಿಕಿರಣ ಗ್ಯಾಸು ತಗ್ಗಿಸಿದ. ನೆಲ ಬಲಕ್ಕೆ ಜಾರಿತು, ಮೇಜುಗಳು, ಮುಖಗಳು, ಬೀದಿಯ ದೀಪಗಳು ಅದರ ಜೊತೆ ಜಾರಿದವು, ಅಂಗೈಯೊಳಗಿನ ಒರಟು ಹಗ್ಗ ಮಾತ್ರ ಜಾರಲಿಲ್ಲ. ಕಾಂತಪ್ಪ ಎದ್ದು ಓಡಿಬರುವುದು ಕಂಡಿತು. ಅವಳು ತಲೆ ಅಲ್ಲಾಡಿಸಲಿಲ್ಲ, ಅಲ್ಲಾಡಿಸಿದರೆ ಹೆಚ್ಚಾಗುತ್ತದೆ. ಒಂದು ಬೆರಳನ್ನು ಮಾತ್ರ ಎತ್ತಿದಳು. ಅವನು ಎರಡು ಹೆಜ್ಜೆ ದೂರದಲ್ಲಿ ನಿಂತ. ನಿಲ್ಲುವುದು ಅವನಿಗೆ ಎಷ್ಟು ಕಷ್ಟವಾಯಿತೆಂಬುದು ಅವನ ಕೈಗಳಲ್ಲಿ ಕಾಣುತ್ತಿತ್ತು. ಸಾಲಿನ ಮುಂದಿದ್ದ ಗಿರಾಕಿ, ಏನಾಯಿತಕ್ಕಾ, ಕೂರಿ ಎಂದ. ತಲೆ ತಿರುಗುತ್ತಿದೆ, ನಿಲ್ಲುತ್ತದೆ, ನೀವೂ ನಿಲ್ಲಿ ಎಂದು ಅವಳು ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದಳು. ಅವರು ನಿಂತರು. ದೋಸೆ ಕಂದಿ ಕಪ್ಪಾಗುವ ವಾಸನೆ ಬರುತ್ತಿತ್ತು. ಆಮೇಲೆ ಮೇಜುಗಳು ಒಂದೊಂದಾಗಿ ಮರಳಿ ಬಂದವು, ಬೀದಿ ಬಂತು. ಬೇಬಿ ಕೊಳವೆಯಿಂದ ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು. ಕರಟಿದ ದೋಸೆಯನ್ನು ಕೆರೆದು ಬದಿಗೆ ಹಾಕಿ, ಕಾವಲಿಗೆ ನೀರು ಚಿಮುಕಿಸಿ ಒರೆಸಿ, ಗ್ಯಾಸು ಏರಿಸಲು ರವಿಕಿರಣನಿಗೆ ಹೇಳಿ, ಮುಂದಿನದು ಯಾರಿಗೆ ಎಂದು ಕೇಳಿದಳು.